ರೆಕಾರ್ಡು ಮಾಡಿದ ಹೇಳಿಕೆ

ಅಲ್ಲ, ನಿಮ್ಮ ಅಜ್ಜ ಚುನಾವಣೆ ಸೋತದ್ದು ಪಕ್ಷದ ಒಳಜಗಳದಿಂದ ಅಂತ ಯಾರು ಹೇಳಿದ್ದು ನಿಮ್ಗೆ? ಪೇಪರಿನವರು ಏನೋ ಬರೆದರು, ಇರ್ಲಿ. ನನ್ನ ಕೇಳಿದರೆ ಅವನನ್ನು ಸೋಲಿಸಿದ್ದು ಅವನ ಸ್ವಂತ ಅಕ್ಕ, ನಾನೇ. ನಗಬೇಡಿ. ಭುಜಂಗ ಪಂಚಾಯ್ತಿ ಮೆಂಬರ್ ಆದ ಕಾಲದಿಂದ ಅವನಿಗೆ ಗೊತ್ತಿದ್ದ ರಾಜಕೀಯ ಒಂದೇ, ಕೂತು ಕೇಳುವುದು. ಭಾಷಣ ಬರುತ್ತಿರಲಿಲ್ಲ, ಮೈಕ್ ಕಂಡರೆ ಬೆವರುತ್ತಿದ್ದ. ಆದರೆ ಕೋಟೇಶ್ವರದಿಂದ ಹೊರಟು ಹೊಳೆಬದಿಯ ಕೊನೇ ಮನೆವರೆಗೂ ನಡೆದು, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಅವರ ಕಷ್ಟ ಪೂರ್ತಿ ಮುಗಿಯದೆ ಜಗಲಿಯಿಂದ ಏಳುತ್ತಿರಲಿಲ್ಲ. ಹಾಗೇ ಎಂಎಲ್‌ಎ ಆದ. ಎರಡನೇ ಸಲ, ಅಲ್ಲ, ಮೂರನೇ ಸಲ ಗೆದ್ದ ಮೇಲೆ ಸಣ್ಣ ನೀರಾವರಿ ಮಂತ್ರಿ. ಅಲ್ಲಿಗೆ ನಡಿಗೆ ನಿಂತಿತು.

ಆಗ ಬಂತು ನೋಡಿ ನಿಮ್ಮ ಚಿಕ್ಕಮ್ಮನ ಮದುವೆ. ನಮ್ಮ ಕಡೆ ಮದುವೆಗೆ ಕರೆಯುವ ಹೇಳಿಕೆ ಅಂದ್ರೆ ಗೊತ್ತಲ್ಲ, ಮನೆಗೇ ಹೋಗಬೇಕು, ಕೂರಬೇಕು, ಕಾಗದ ಕೈಗೆ ಕೊಟ್ಟು ಬಾಯಲ್ಲಿ ಕರೀಬೇಕು. ಇವನಿಗೆ ಪುರಸೊತ್ತೆಲ್ಲಿ? 'ಅಕ್ಕ, ಎಂತ ಮಾಡುದ್?' ಅಂದ. ನಾನು ಮುಂಬಯಿ, ದುಬೈ, ನೈರೋಬಿ ಸುತ್ತಿ ಬಂದವಳು, ನಂಗೆ ಗೊತ್ತಿಲ್ಲದ್ದು ಏನುಂಟು ಲೋಕದಲ್ಲಿ? ನಿನ್ನ ದನಿ ರೆಕಾರ್ಡ್ ಮಾಡಿ ಕ್ಷೇತ್ರದವರ ಫೋನಿಗೆಲ್ಲ ಬಿಡು ಮಾಣಿ, ಒಂದೇ ದಿನದಲ್ಲಿ ಮುಗೀತದೆ ಅಂದೆ. ಬಿಟ್ಟ. ಮದುವೆ ದಿನ ಕುಂದಾಪುರದ ಹಾಲ್ ಎದುರು ಬೆಂಗಳೂರಿನ ಕಾರುಗಳು ಹೈವೇವರೆಗೆ. ಹೊಳೆಬದಿಯವರು ಒಬ್ಬರೂ ಇಲ್ಲ. ಮಂಜಣ್ಣ ಸಹ ಬರಲಿಲ್ಲ, ಮೊದಲ ಚುನಾವಣೆಯಿಂದ ತಮ್ಮನ ಜೊತೆ ಮನೆ ಮನೆ ನಡೆದ ಮಂಜಣ್ಣ. ಚುನಾವಣೆಗೆ ಉಳಿದದ್ದು ನಾಲ್ಕೇ ತಿಂಗಳು.

ಮರುವಾರ ನಾನೇ ಹೊಳೆಬದಿಗೆ, ಅವನ ಮನೆಗೆ ಹೋದೆ. ಮಂಜಣ್ಣ ಬೆಲ್ಲ ಇಟ್ಟ, ಚೊಂಬಿನಲ್ಲಿ ನೀರು ಇಟ್ಟ. ಬಾಯಿಗೆ ಹಾಕಿದರೆ ಉಪ್ಪು. 'ಕುಡೀರಿ ಅಕ್ಕ, ಮಂತ್ರಿ ಊರಿನ್ ನೀರ್' ಅಂದ. ಅಲ್ಲೊಂದು ಕಿಂಡಿ ಅಣೆಕಟ್ಟು ಉಂಟು, ತಮ್ಮನೇ ಕಟ್ಟಿಸಿದ್ದು. ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಇಳಿಸಿದರೆ ಸಮುದ್ರದ ನೀರು ಮೇಲೆ ಬರುವುದಿಲ್ಲ. ಆ ವರ್ಷ ಹಲಗೆ ಇಳಿಸಿದವರೇ ಇಲ್ಲ. ಉಪ್ಪು ನೀರು ಗದ್ದೆಗೆ ಬಂತು, ಬಾವಿಗೆ ಬಂತು. ಮಂಜಣ್ಣ ಬೆಂಗಳೂರಿಗೆ ದಿನಾ ಫೋನ್ ಮಾಡಿದ್ದಾನೆ, ಪಿಎ ಎತ್ತಿ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತಿದ್ದನಂತೆ. ಕಡೆಗೊಂದು ಬೆಳಿಗ್ಗೆ ಫೋನ್ ಬಂತು, ಎತ್ತಿದರೆ ಭುಜಂಗನದೇ ದನಿ. ಮಂಜಣ್ಣ ಎರಡೂ ದನಿ ಮಾಡಿ ತೋರಿಸಿದ. "'ನಮಸ್ಕಾರ, ನಾನು ನಿಮ್ಮ ಭುಜಂಗ' ಅಂದ. ನಾ ಹೇಳ್ದೆ, ಹ್ವಾಯ್ ಭುಜಂಗ, ಬಾವಿಗ್ ಉಪ್ಪ್ ನೀರ್ ಬಂದಿತ್ ಮಾರಾಯ, ಹಲಗೆ ಹಾಕುಕ್ ಹೇಳ್. ಅವ ನಿಲ್ಸುದೇ ಇಲ್ಲೆ. 'ಮಗಳ ಮದುವೆಗೆ ತಪ್ಪದೇ ಬರಬೇಕು, ನೀವೇ ನನ್ನ ಶಕ್ತಿ.' ನಾ ಹೇಳ್ತಾ ಇಪ್ಪಾಗ್ಳೇ ಫೋನ್ ಇಟ್ಟೇ ಬಿಟ್ಟ. ಮನೆಯವ್ರೆಲ್ಲ ಸುತ್ತ ನಿಂತ್ಕಂಡ್ ನೋಡ್ತಾ ಇದ್ರ್ ಅಕ್ಕ."

ಅದು ರೆಕಾರ್ಡು ಮಂಜಣ್ಣ, ಅವನಲ್ಲ, ಅಂದೆ ನಾನು. ಸಮಾಧಾನ ಆಗ್ತದೆ ಅಂತ ಅಂದದ್ದು ಮತ್ತೆ. ಅವನು ಚೊಂಬನ್ನು ಆಚೆ ಸರಿಸಿದ. ಆಮೇಲೆ ಹೇಳಿದ, 'ಅವ್ನೇ ಆಗಿದ್ರೆ ಅಡ್ಡಿಲ್ಲೆ ಇತ್ ಅಕ್ಕ. ಅವ್ನ್ ಮೇಲೆ ಸಿಟ್ಟಾದ್ರೂ ಮಾಡ್ಲಕ್ಕಿತ್.'

ಅವತ್ತೇ ತಮ್ಮನಿಗೆ ಹೇಳಿದೆ. ಎರಡು ದಿನದಲ್ಲಿ ಹಲಗೆ ಇಳಿಯಿತು, ಆದರೆ ಪೈರು ಅಷ್ಟರಲ್ಲಿ ಕೆಂಪಾಗಿ ಹೋಗಿತ್ತು. ಚುನಾವಣೆಯಲ್ಲಿ ಮಂಜಣ್ಣ ಆಚೆ ಪಕ್ಷಕ್ಕೆ ಹೋಗಲಿಲ್ಲ, ವಿರುದ್ಧ ಒಂದು ಮಾತಾಡಲಿಲ್ಲ. ಪ್ರಚಾರಕ್ಕೆ ಬರದೆ ಮನೆಯಲ್ಲಿ ಕೂತ. ಅವನು ಕೂತ ಅಂತ ಹೊಳೆಬದಿ ಪೂರ್ತಿ ಕೂತಿತು, ವೋಟಿಗೂ ಏಳಲಿಲ್ಲ. ಸೋತ ಮೇಲೆ ಇದೇ ಜಗಲಿಯಲ್ಲಿ ಭುಜಂಗ ಒಬ್ಬನೇ ಕೂತಿದ್ದಾಗ, ಹೋಗಿ ಬಾ ಮಂಜಣ್ಣನ ಮನೆಗೆ, ನನ್ನಿಂದ ತಪ್ಪಾಯ್ತು ಅಂತ ಹೇಳು, ಅಂದೆ. 'ಯಾವ ಮುಖ ಹೊತ್ಕಂಡ್ ಹೋಪುದ್ ಅಕ್ಕ' ಅಂದ. ಇವತ್ತಿಗೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನೀವಾದರೂ ಯಾರಿಗಾದರೂ ಫೋನ್ ಮಾಡಿದರೆ, ಆಚೆಯವರ ಮಾತು ಮುಗಿಯುವವರೆಗೆ ಇಡಬೇಡಿ. ಏಳಿ, ಕೈ ತೊಳೀರಿ, ಗಂಜಿ ಆರ್ತದೆ.