ತೆರೆದಿಟ್ಟ ಬಾಗಿಲು

ಅಲ್ಲ ಮೋಹಿನಿಯಕ್ಕ, ಹಳ್ಳಿ ಅಂದ್ರೆ ಹಳ್ಳಿಯೇ. ವಿಲಾಯತಿ ಅಂತ ಎಲ್ಲ ಕಡೆ ದೊಡ್ಡ ದೊಡ್ಡ ಬಿಲ್ಡಿಂಗ್ ಇರ್ತದೆ ಅಂದ್ಕೊಂಡ್ರಾ? ನಾಲ್ಕು ಮನೆ, ಪಾದ್ರಿಗಳ ಒಂದು ಇಗರ್ಜಿ, ಒಂದು ಅಂಗಡಿ. ಆಚೆ ಎಲ್ಲ ಕುರಿ. ನಿಮ್ಮ ತಮ್ಮನ ಕೈಯಡುಗೆ ಇಲ್ಲದಿದ್ರೆ ಆಗ್ಲಿಕ್ಕಿಲ್ಲ ಅಂತ ಸಾಹೇಬರು ಊರಿಗೆ ವಾಪಸ್ ಹೋಗುವಾಗ ನಮ್ಮನ್ನೂ ಕರ್ಕೊಂಡು ಹೋದದ್ದು ಅಲ್ಲಿಗೆ.

ಬರ್ತಾರೆ, ಮುಂದಿನ ಹಡಗಿಗೆ ಬರ್ತಾರೆ. ನಿನ್ನೆ ಬಂದಿಳಿದಾಗಲೇ ಹೇಳಿದೆನಲ್ಲ. ಸಾಹೇಬರಿಗೆ ಬೇರೆ ಅಡುಗೆಯವ ಸಿಗಬೇಕು... ಚಾ ಇರ್ಲಿ, ಕುಡೀತೇನೆ.

ಒಳ್ಳೇದಾ? ಒಳ್ಳೇದೇ. ನಿಮ್ಮ ಈ ಮಲಾಡಿನ ಚಾಳ್‌ನ ಹಾಗೆ ನಳ್ಳಿ ನೀರಿಗೆ ಜಗಳ ಇಲ್ಲ. ಹಾಲಿನ ಬಾಟಲಿ ಬಾಗಿಲಲ್ಲೇ ಇಟ್ಟು ಹೋಗ್ತಾರೆ, ಒಬ್ಬನೂ ಮುಟ್ಟುವುದಿಲ್ಲ. ಯಾಕೆ ನಗ್ತೀರಿ? ನಿಜವೇ. ಯಾವ ಜಾತಿ ಅಂತ ಕೇಳುವವರೂ ಇಲ್ಲ. ಎದುರು ಸಿಕ್ಕಿದ್ರೆ ಮಳೆ ಬರ್ತದಾ, ಬಿಸಿಲು ಬರ್ತದಾ, ಅಷ್ಟೇ ಮಾತು. ಚಳಿ ಮಾತ್ರ... ಬಟ್ಟೆ ಒಣಗುವುದೇ ಇಲ್ಲ ಅಕ್ಕ. ತೆಂಗಿನಕಾಯಿ ಇಲ್ಲ. ಮೀನು ಸಿಕ್ಕಿ ಎಂತ ಪ್ರಯೋಜನ?

ಮತ್ತೆ, ಇಲ್ಲಿ ನೋಡಿ, ಪಕ್ಕದ ಕೋಣೆಯ ಗಂಗುಬಾಯಿ ಆಗಿಂದ ಎರಡು ಸಲ ಒಳಗೆ ಬಂದು ಹೋದ್ಲು. ಕೇಳ್ಲಿಲ್ಲ, ಮಾಡ್ಲಿಲ್ಲ. ಅಲ್ಲಿ ಹಾಗಲ್ಲ. ಬಾಗಿಲು ತೆರೆದೇ ಇದ್ರೂ ಕರೆಯದೆ ಯಾರೂ ಕಾಲಿಡುವುದಿಲ್ಲ. ಅದು ಅವರ ಮರ್ಯಾದೆ. ನನಗೆ ಗೊತ್ತಿರ್ಲಿಲ್ಲ.

ಅವತ್ತು ಸಾಹೇಬರು, ಮೇಮ್‌ಸಾಹೇಬರು ಲಂಡನ್ನಿಗೆ ಹೋಗಿದ್ರು. ಬೆಳಿಗ್ಗೆ ಇವರಿಗೆ ಎದೆನೋವು. ಎಲ್ಲಿಗೂ ಹೋಗಬೇಡ ಅಂದ್ರು. ನಾನು ಬಾಗಿಲು ಪೂರಾ ತೆರೆದಿಟ್ಟು ಇವರ ಹತ್ರ ಕೂತೆ. ಕೂಗ್ಲಿಲ್ಲ. ಗಂಡ ಮಲಗಿದ ಮನೆಯಿಂದ ಹೆಂಗಸು ಕೂಗಿದ್ರೆ ನಮ್ಮಲ್ಲಿ ಅದಕ್ಕೆ ಎಂತ ಅರ್ಥ ಅಂತ ನಿಮಗೂ ಗೊತ್ತುಂಟಲ್ಲ. ಆ ಅನಿಷ್ಟವನ್ನು ನಾನೇ ಬಾಯಿಬಿಟ್ಟು ಕರೆಯುವುದಾ? ಬಾಗಿಲು ತೆರೆದಿದ್ರೆ ಯಾರಾದ್ರೂ ಇಣುಕ್ತಾರೆ, ಒಳಗೆ ಬರ್ತಾರೆ ಅಂದ್ಕೊಂಡೆ. ಟಪಾಲಿನವ ಬಂದ. ನನ್ನನ್ನು ನೋಡಿ ಟೋಪಿ ಎತ್ತಿದ. ಕಾಗದ ಇಟ್ಟು, ಒಳಗೆ ಚಳಿ ಆಗಬಾರದು ಅಂತ ಬಾಗಿಲು ಮೆಲ್ಲ ಎಳ್ಕೊಂಡು ಹೋದ. ಒಳ್ಳೇ ಮನುಷ್ಯ. ನಾನು ಎದ್ದು ಮತ್ತೆ ತೆರೆದೆ. ಆಚೆಮನೆ ಮುದುಕಿ ಹಾದುಹೋದ್ಲು. ಅವಳೂ ಮುಚ್ಚಿದ್ಲು.

ಆಮೇಲೆ... ಆಮೇಲೆ ಎಂತ. ಡಾಕ್ಟ್ರು ಬಂದ್ರು. ಗುಣ ಆಯ್ತು. ಮುಂದಿನ ಹಡಗಿಗೆ...

ಅಕ್ಕ, ಎಂತಾದ್ರೂ ಹೇಳಿ. ಬೇಕಾದ್ರೆ ಬೈಯಿರಿ. ಹೀಗೆ ನನ್ನ ಕೈಯನ್ನೇ ನೋಡ್ತಾ ಕೂರಬೇಡಿ.

ಹೌದು, ಬಳೆ ಉಂಟು. ಕುಂಕುಮವೂ ಉಂಟು. ಇಗರ್ಜಿಯ ಹಿಂದೆ ಮಣ್ಣು ಮಾಡಿದ್ರು ಅವರನ್ನು. ಊರಿನವರೆಲ್ಲ ಬಂದಿದ್ರು, ಹೂ ತಂದಿದ್ರು. ಬಳೆ ತೆಗೀಬೇಕು ಅಂತ ಅಲ್ಲಿ ಯಾರಿಗೆ ಗೊತ್ತು? ನನ್ನ ಕೈಯದ್ದನ್ನು ನಾನೇ ಹೇಗೆ ತೆಗೆಯಲಿ? ಹಾಗೇ ಹಡಗು ಹತ್ತಿದೆ. ನೀವು ಅವರ ಅಕ್ಕ ಅಲ್ವಾ. ಇಕೊಳ್ಳಿ, ನೀವೇ ತೆಗೀರಿ.