ಹೆಗಲ ಮೇಲಿನ ಸೀಮೆಸುಣ್ಣ

ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಪಾಳಿ ಮುಗಿಸಿದ ನಾವೆಲ್ಲ ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದೆವು. ಕರೆಂಟೂ ಹೋಗಿತ್ತು. ಕಾಲರ್ ಹೊಲಿಯುವ ಹೊಸ ಹುಡುಗಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಸ್ಟೋರಿನಲ್ಲಿ ಸೂಪರ್‌ವೈಸರ್ ಮೈಮೇಲೆ ಕೈಹಾಕಿದನೆಂದು ದೂರು ಕೊಟ್ಟವಳು. ನಾಳೆ ಬೆಳಿಗ್ಗೆ ಸಮಿತಿಯ ಮುಂದೆ ವಿಚಾರಣೆ. "ನಂಗಾಗಲ್ಲ, ದೂರು ವಾಪಸ್ ತಗೋತೀನಿ" ಎಂದು ಈಗಷ್ಟೇ ಅತ್ತಿದ್ದಳು. ಗುಂಡಿ ಹೊಲಿಯುತ್ತಲೇ ಮುದುಕಿಯಾದ ನಮ್ಮ ಗುಂಡಿಯಜ್ಜಿ, ಮೊಬೈಲ್ ಆರಿಸಿ ಹತ್ತಿರ ಬನ್ನಿ ಎಂದು ಎಲ್ಲರನ್ನೂ ಕರೆದಳು.

"ದೆವ್ವದ ಕತೆ ಹೇಳ್ತೀನಿ ಕೇಳ್ರೇ... ಹೆದರ್ಕೊಳ್ಳೋರು ಪಕ್ಕದವಳ ಕೈ ಹಿಡ್ಕೊಳ್ಳಿ, ನನ್ನ ಕೈ ಬೇಡ, ಮೊದಲೇ ಗಂಟುನೋವು. ನಾನು ಇಲ್ಲಿಗೆ ಸೇರಿದಾಗ ಕಟಿಂಗ್ ಮೇಜಲ್ಲಿ ಒಬ್ಬಳು ಅಕ್ಕ ಇದ್ಲು. ಬಟ್ಟೆ ಮೇಲೆ ಸೀಮೆಸುಣ್ಣದ ಗೆರೆ ಎಳೆದೂ ಎಳೆದೂ ಅವಳ ಅಂಗೈ ಯಾವಾಗ್ಲೂ ಬೆಳ್ಳಗೆ. ಸುಣ್ಣದಕ್ಕ ಅಂತಿದ್ವಿ. ಆಗಿನ ಸೂಪರ್‌ವೈಸರಿಗೂ ಇದೇ ಚಾಳಿ... ನೂಲು ತಾ ಅಂತ ಹುಡುಗೀರನ್ನ ಒಬ್ಬೊಬ್ಬರನ್ನೇ ಸ್ಟೋರಿಗೆ ಕಳಿಸೋದು, ಹಿಂದೇನೇ ತಾನೂ ಹೋಗೋದು. ದೂರಾ? ಯಾರಿಗೆ ಕೊಡ್ತೀರಿ? ನೀನ್ಯಾಕೆ ನಕ್ಕೆ ಅಂತ ನಮ್ಮನ್ನೇ ಕೇಳೋ ಕಾಲ. ಮನೇಲಿ ಹೇಳಿದ್ರೆ, ಬಾಯ್ಮುಚ್ಕೊಂಡಿರು, ಮಾನ ಹೋಗುತ್ತೆ ಅನ್ನೋರು. ಹೋಗೋ ಮಾನ ನಮ್ದು ಮಾತ್ರ ನೋಡಿ, ಅವನದ್ದು ಗಟ್ಟಿಯಾಗಿ ಕುರ್ಚಿ ಮೇಲೆ ಕೂತಿರೋದು! ಆದ್ರೆ ಯಾವ ಹುಡುಗಿ ನೂಲಿಗೆ ಅಂತ ಎದ್ರೂ ಸಾಕು, ಸುಣ್ಣದಕ್ಕ ಕತ್ತರಿ ಕೆಳಗಿಟ್ಟು, 'ನಂಗೂ ಸುಣ್ಣ ಬೇಕಿತ್ತು ಬಾ' ಅಂತ ಹೆಗಲ ಮೇಲೆ ಕೈಯಿಟ್ಟು ಜೊತೆಗೆ ಹೊರಡ್ತಿದ್ಲು. ಅವಳ ಕೈ ಅಚ್ಚು ಹೊತ್ಕೊಂಡು ನಗ್ತಾ ವಾಪಸ್ ಬರ್ತಿದ್ವಿ.

ಒಂದು ಮಳೆಗಾಲ ಜ್ವರ ಬಂದು ಅಕ್ಕ ಹೋಗೇಬಿಟ್ಲು. ಅದಾದ ವಾರಕ್ಕೆ ನನ್ನನ್ನ ನೂಲಿಗೆ ಕಳಿಸಿದ. ಹೋದೆ. ಹಿಂದೆ ಬಾಗಿಲು ಮುಚ್ಚಿದ ಸದ್ದು... ತಿರುಗಿದ್ರೆ ಅವನು. ಕೂಗಿದ್ರೂ ಹೊರಗಿನ ಮೆಷಿನ್ ಸದ್ದಲ್ಲಿ ಯಾರಿಗೂ ಕೇಳಲ್ಲ. ಆಗ ನನ್ನ ಹೆಗಲ ಮೇಲೆ ಒಂದು ಕೈ ಬಂತು ಕಣ್ರೇ... ತಣ್ಣಗೆ, ಆದ್ರೆ ಎಷ್ಟು ಹಗುರ ಅಂತೀರಿ! ಅವನು ನನ್ನ ಹಿಂದೆ ಏನು ಕಂಡ್ನೋ, ಮುಖ ಬಿಳಿಚ್ಕೊಂಡು ಬಾಗಿಲು ಕಿತ್ತುಹೋಗೋ ಹಾಗೆ ಓಡಿದ. ನಾನು ಹಿಂತಿರುಗಿ ನೋಡ್ಲಿಲ್ಲ. ಹೆದರಿಕೆಯಿಂದಲ್ಲ... ನೋಡಿದ್ರೆ ಎಲ್ಲಿ ಹೊರಟುಬಿಡ್ತಾಳೋ ಅಂತ."

ಅಜ್ಜಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕರೆಂಟ್ ಬಂತು. ಅಜ್ಜಿ ಆ ಹುಡುಗಿಯನ್ನೇ ನೋಡುತ್ತಿದ್ದಳು.

"ಮಗಾ, ಈಗ ಕೇಳೋದಕ್ಕೆ ಅಂತಾನೇ ಸಮಿತಿ ಇದೆ. ಇವರೆಲ್ಲ ಬಾಗಿಲ ಹೊರಗೆ ನಿಂತಿರ್ತಾರೆ. ಒಳಗೆ ಒಬ್ಬಳೇ ಹೋಗ್ಬೇಕಲ್ಲ ಅಂತ ತಾನೇ ನೀನು ಅತ್ತಿದ್ದು? ಒಂದು ಮಾತು ಹೇಳು... ಕಂಪ್ಯೂಟರೇ ಬಟ್ಟೆ ಕತ್ತರಿಸೋಕೆ ಶುರುಮಾಡಿದ ಮೇಲೆ, ಈ ಕಾರ್ಖಾನೇಲಿ ಯಾರ ಕೈಲಾದ್ರೂ ಸೀಮೆಸುಣ್ಣ ಕಂಡಿದ್ದೀಯಾ? ಇಲ್ಲ ತಾನೇ? ಹಾಗಾದ್ರೆ ಸ್ವಲ್ಪ ಆ ಕಡೆ ತಿರುಗು, ಎಲ್ರೂ ನೋಡ್ಲಿ... ನಿನ್ನ ಹೆಗಲ ಮೇಲಿರೋ ಆ ಬೆಳ್ಳನೆ ಕೈಯಚ್ಚು ಯಾರದ್ದು?"