ಬೆಳೆಯುತ್ತಿದ್ದ ಹಗಲು

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಬಸ್ ಡ್ರೈವರ್. ಖಾಕಿ ಅಂಗಿಯಲ್ಲೇ ಬಂದಿದ್ದ.

“ನನ್ನ ಕಣ್ಣಿಗೇನೂ ಆಗಿಲ್ಲ ಕಣೇ. ಚಳಿಗಾಲ, ಬೇಗ ಕತ್ತಲಾಗುತ್ತೆ ಅಷ್ಟೆ.”

“ಹೋದ ತಿಂಗಳು ಹೀಗಂದಾಗ ನಾನೂ ನಂಬಿದ್ದೆ.”

“ಈಗೇನಾಯ್ತು?”

“ವರ್ಷದ ಅತಿ ಉದ್ದದ ರಾತ್ರಿ ಕಳೆದು ತಿಂಗಳಾಯ್ತು. ಓರೆಯಾಗಿ ಸುತ್ತೋ ಭೂಮಿ ನಮ್ಮ ಕಡೇನ ಮತ್ತೆ ಸೂರ್ಯನತ್ತ ವಾಲಿಸ್ತಿದೆ. ದಿನಾ ಹಗಲು ಚೂರುಚೂರೇ ಉದ್ದ ಆಗ್ತಿದೆ.”

“ನಿನ್ನ ಪಾಠ ಶಾಲೆ ಮಕ್ಕಳಿಗೆ ಹೇಳು.”

“ಊರಿಗೆಲ್ಲ ಬೆಳೆಯೋ ಹಗಲು ನಿಮಗೊಬ್ಬರಿಗೇ ಯಾಕ್ರೀ ಕುಗ್ಗುತ್ತೆ?”

ಡ್ರೈವರ್ ಎರಡೂ ಕಣ್ಣು ಉಜ್ಜಿಕೊಂಡ. ದರ್ಜಿ ಗೋಡೆಯತ್ತ ಮುಖ ತಿರುಗಿಸಿದಳು.

“ನಿನ್ನೆ ಸಂಜೆ,” ಎಂದ ಅವನು ಕೊನೆಗೆ, “ಒಬ್ಬ ಅಜ್ಜಿ ರಸ್ತೆ ದಾಟ್ತಿದ್ಲು. ಬಸ್ಸಿನ ಮೂತಿಗೇ ಬರೋವರೆಗೂ ನನಗೆ ಕಾಣಲೇ ಇಲ್ಲ. ಸದ್ಯ, ಕಡೇ ಗಳಿಗೇಲಿ ಬ್ರೇಕ್ ಹಿಡೀತು.”

“ಅಯ್ಯೋ! ಡಾಕ್ಟರಿಗೆ ಹೇಳ್ತೀರಲ್ಲ?”

“ಹೇಳಿದ್ರೆ ಸ್ಟೀರಿಂಗ್ ಬಿಡು ಅಂತಾರೆ. ಇಪ್ಪತ್ತು ವರ್ಷದ ಕೆಲಸ ಕಣೇ.”

“ಹೇಳದಿದ್ರೆ?”

ಅಷ್ಟರಲ್ಲಿ ನರ್ಸ್ ಕರೆದಳು. ಡ್ರೈವರ್ ಮೆಲ್ಲಗೆ ಎದ್ದು ನಿಂತ.

“ನೀನೂ ಒಳಗೆ ಬಾರೇ. ಆ ಅಜ್ಜಿ ವಿಷಯ ನನ್ನ ಬಾಯಲ್ಲಿ ಬರದಿದ್ರೆ, ನೀನೇ ಹೇಳಿಬಿಡು.”

ಇಬ್ಬರೂ ಒಳಗೆ ಹೋದರು.